ಅಣುಬಾಂಬಿನ ಪ್ರಯೋಗವು ಅವಶ್ಯವಾಗಿತ್ತೇ?

1945ನೆಯ ಇಸವಿಯ ಅಗಸ್ಟ್ 6ರಂದು ಹಿರೋಶಿಮಾದ ಮೇಲೂ, 9ರಂದು ನಾಗಾಸಾಕಿಯ ಮೇಲೂ ಅಮೇರಿಕೆಯವರು ಅಣುಬಾಂಬನ್ನು ಹಾಕಿದುದನ್ನು ಅರಿಯದವರಿಲ್ಲ. ಆ ವರ್ಷಾಂತ್ಯದೊಳಗೆ ಮಡಿದವರು ಅಲ್ಲಿ ಸುಮಾರು 1,40,000, ಇಲ್ಲಿ ಸುಮಾರು 70,000 ಮಂದಿ. ಮಾಡಿದುದು ನ್ಯಾಯವೋ ಅನ್ಯಾಯವೋ ಎಂಬ ವಾದವು ಇಂದಿಗೂ ತೀರಿಲ್ಲ.

ಘೋಣಸಗಿಯ ಜೋಳದ ಹೊಲಗಳಿಗೂ ಆ ಪಟ್ಟಣಗಳಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಮ್ಮ ನಾಡಿನ ದಂಡಾಳುಗಳೂ ಆ ಯುದ್ಧದಲ್ಲಿದ್ದರು. ಮಲಾಯದ ದಂಡೆಯ ಮೇಲೆ ಕಾದಾಡಿ ಇಳಿಯಲು ಸಿದ್ಧರಾಗಿದ್ದ ಹಿಂದೀ ಸೈನಿಕರು, ಜಪಾನು ಶರಣಾದುದರಿಂದ, ಸಪ್ಟೆಂಬರ್ 9ರಂದು ಪ್ರತಿಭಟನೆಯಿಲ್ಲದೆ ಇಳಿದರು. ಮರುವರ್ಷ ಜಪಾನಿನಲ್ಲಿ ಕಾವಲಿಗೆ ಹೋದ ಹಿಂದೀ ಬ್ರಿಗೇಡಿನ ಅಧಿಪತಿಗಳು ಕೊಡಗಿನ ಕೆ. ಎಸ್. ತಿಮ್ಮಯ್ಯನವರು, ಬೆಳಗಾವಿಯೇ ಕೇಂದ್ರವಾದ ಮರಾಠಾ ದಳದ ಒಂದು ಪಲ್ಟಣವೂ ಅದರಲ್ಲಿತ್ತು. ಮಗನು ಜೀವದಿಂದ ಮರಳಿದ ತಾಯಿಯ ಮುಂದೆ ಬಾಂಬನ್ನು ಹಳಿಯುವುದು ಸುಲಭವಲ್ಲ. ಅಮೇರಿಕೆಯ ಯುದ್ಧಮಂತ್ರಿಯಾಗಿದ್ದ ಸ್ಟಿಮ್ಸನ್ನರು 1947ರಲ್ಲಿ ಬರೆದ ಸಮರ್ಥನೆಯ ತಿರುಳೂ ಇದೇ: ಜಪಾನಿನ ಮೇಲೆ ದಂಡೆತ್ತಿ ಹೋಗಿದ್ದರೆ ತಮ್ಮವರಲ್ಲಿಯೇ ಹತ್ತು ಲಕ್ಷಕ್ಕೂ ಮಿಕ್ಕಿ ಸಾವುನೋವುಗಳಾಗುತ್ತಿದ್ದವಂತೆ.

ಈ ಸಂಖ್ಯೆಯನ್ನು ಅನೇಕ ಇತಿಹಾಸಕಾರರು ಒಪ್ಪುವುದಿಲ್ಲ. ಬಾಂಬಿಲ್ಲದೆಯೂ ಜಪಾನು 1945 ಮುಗಿಯುವುದರೊಳಗೆ ಶರಣಾಗುತ್ತಿತ್ತೆಂದು ಅಮೇರಿಕೆಯ ಸರಕಾರದ ವಿಚಾರಣಾ ಮಂಡಲಿಯೇ 1946ರಲ್ಲಿ ಹೇಳಿತು. ಅಗಸ್ಟ್ 8ರಂದು ರಷ್ಯವು ಯುದ್ಧ ಸಾರಿದುದೇ ಮುಖ್ಯ ಕಾರಣವೆನ್ನುವವರೂ ಉಂಟು. ಆದರೆ ಎರಡನೆಯ ಬಾಂಬು ಬಿದ್ದ ದಿನವೂ ಜಪಾನಿನ ಮಂತ್ರಾಲೋಚನಾ ಸಭೆಯು ಮೂವರಿಗೆ ಮೂವರಂತೆ ಒಡೆದೇ ಇತ್ತೆಂಬುದನ್ನು ಮರೆಯಲಾಗದು.

ನಮ್ಮ ಮನಸ್ಸು ಮಾತ್ರ ಈ ಲೆಕ್ಕಗಳಲ್ಲಿ ನಿಲ್ಲಲೊಲ್ಲದು. ಹಿರೋಶಿಮಾದಲ್ಲಿ 1886ರಲ್ಲಿ ಸ್ಥಾಪಿತವಾದ, ಅಮೇರಿಕೆಯ ಮೆಥೊಡಿಸ್ಟ್ ಮಿಶನ್ನಿನವರು ಬೆಳೆಯಿಸಿದ ಒಂದು ಹೆಣ್ಣುಮಕ್ಕಳ ಶಾಲೆಯಿತ್ತು, ಹೆಸರು ಜೊಗಾಕುಯಿನ್. ಬೆಂಕಿ ಹಬ್ಬದಂತೆ ಮನೆಗಳನ್ನು ಕೆಡವಿ ಬಯಲು ಮಾಡುವ ಕೆಲಸಕ್ಕೆ ಪಟ್ಟಣದ ಶಾಲಾಮಕ್ಕಳನ್ನು ಕಳುಹಿಸಿದ್ದರು. ಹನ್ನೆರಡು ಹದಿಮೂರರ ಹುಡುಗಿಯರು ಬೆಳಗಿನ ಎಂಟೂಕಾಲು ಗಂಟೆಗೆ ಬಯಲಿನಲ್ಲಿ ಹೆಂಚು ಹೊರುತ್ತಿದ್ದರು. ಆ ಒಂದೇ ಶಾಲೆಯ ಶಿಕ್ಷಕರೂ ವಿದ್ಯಾರ್ಥಿನಿಯರೂ ಸೇರಿ ಸುಮಾರು 350 ಮಂದಿ ಸತ್ತರು. ಶಾಲೆಯನ್ನು ಕಟ್ಟಿದವರ ದೇಶದಿಂದಲೇ ಬಾಂಬೂ ಬಂದಿತು.

ಮೊದಲನೆಯ ಬಾಂಬಿನ ವಿಷಯದಲ್ಲಿ ವಾದಕ್ಕೆ ಎಡೆಯುಂಟೆಂದು ಒಪ್ಪೋಣ. ಮೂರೇ ದಿನಗಳಲ್ಲಿ, ಉತ್ತರಕ್ಕೂ ಸಾಕಷ್ಟು ಕಾಯದೆ, ಎರಡನೆಯದನ್ನು ಹಾಕಿದುದಕ್ಕೆ ನಮಗೆ ಸಮಾಧಾನ ದೊರೆತಿಲ್ಲ. ಆ ದಿನದ ಗುರಿಯು ಕೊಕುರಾ ಪಟ್ಟಣ. ಅಲ್ಲಿ ಮಬ್ಬು ಕವಿದುದರಿಂದ ವಿಮಾನವು ನಾಗಾಸಾಕಿಗೆ ತಿರುಗಿತು. ಬಾಂಬು ಸಿಡಿದುದು ಉರಾಕಾಮಿಯ ದೊಡ್ಡ ದೇವಾಲಯದ ಸಮೀಪದಲ್ಲಿ. ಅಲ್ಲಿಯ ಸಭೆಯ ಸುಮಾರು 12,000 ಕ್ರೈಸ್ತರಲ್ಲಿ 8,500 ಮಂದಿ ತೀರಿಕೊಂಡರೆಂದು ಎಣಿಸಿದ್ದಾರೆ. 1946ರ ಮಾರ್ಚಿಯಲ್ಲಿ ಅಮೇರಿಕೆಯ ಸಭೆಗಳ ಒಕ್ಕೂಟವು ನೇಮಿಸಿದ ಕ್ರೈಸ್ತ ಪಂಡಿತರು, ತಮ್ಮ ದೇಶವು ಈ ಎರಡೂ ಪಟ್ಟಣಗಳಲ್ಲಿ ಪಾಪಮಾಡಿತೆಂದು ಬರೆದು ಸಹಿಮಾಡಿದರು.