ಕೆಂಪು ಮಣ್ಣೆಲ್ಲ ಹುಳಿ ಮಣ್ಣಲ್ಲ

ವಯನಾಡಿನಿಂದ ಬಂದು ಗುಂಡ್ಲುಪೇಟೆ ಸುತ್ತ ಜಮೀನು ಗುತ್ತಿಗೆ ಹಿಡಿದು ಶುಂಠಿ ಬೆಳೆಯುವವರು ನಾಟಿಗೆ ಮೊದಲು ಸುಣ್ಣ ಹಾಕುತ್ತಾರಲ್ಲ, ನಾವೂ ಅರಿಶಿನಕ್ಕೆ ಹಾಕಬೇಕೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಅಲ್ಲಿಯದೂ ಕೆಂಪು ಮಣ್ಣು, ಇಲ್ಲಿಯದೂ ಕೆಂಪು ಮಣ್ಣು ಎಂಬುದು ಅವರ ವಾದ.

ಕೆಂಪು ಕಬ್ಬಿಣದ ಆಕ್ಸೈಡಿನ ಬಣ್ಣ. ಹುಳಿ ಎಷ್ಟಿದೆ ಎಂಬುದು ಬಣ್ಣದಿಂದ ತಿಳಿಯದು, ಮಳೆಯಿಂದ ತಿಳಿಯುತ್ತದೆ. ವಯನಾಡಿನ ಲಕ್ಕಿಡಿ ಘಟ್ಟದಲ್ಲಿ ವರ್ಷಕ್ಕೆ 4000 ಮಿ.ಮೀ. ದಾಟುವ ಮಳೆ, ಬಂಡೀಪುರದ ಮೂಲೆಹೊಳೆಯಲ್ಲಿ ಸುಮಾರು 1100ಕ್ಕೆ ಇಳಿಯುತ್ತದೆ. ಗುಂಡ್ಲುಪೇಟೆಯ ಬಯಲಿನಲ್ಲಿ ಇನ್ನೂ ಕಡಿಮೆ.

ಫಿಲ್ಟರಿನಲ್ಲಿರುವ ಕಾಫಿಪುಡಿಗೆ ಬಿಸಿನೀರು ಹಾಕುತ್ತಲೇ ಇದ್ದರೆ ಸಾರವೆಲ್ಲ ಇಳಿದು ಚರಟ ಉಳಿಯುತ್ತದೆ. ಮಳೆನೀರು ಕಲ್ಲಿಗೆ ಮಾಡುವುದೂ ಅದನ್ನೇ. ಫೆಲ್ಡ್‌ಸ್ಪಾರ್ ಕರಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಹರಿದುಹೋಗುತ್ತವೆ. ಪೋಷಕಾಂಶ ಹಿಡಿದಿಡುವ ಶಕ್ತಿ ಕಡಿಮೆಯಿರುವ ಕೆಯೊಲಿನೈಟ್ ಜೇಡಿಯೂ ಕಬ್ಬಿಣ, ಅಲ್ಯುಮಿನಿಯಂ ಆಕ್ಸೈಡುಗಳೂ ಉಳಿಯುತ್ತವೆ. 1800-01ರಲ್ಲಿ ಈ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರಂ ಬಳಿ ಕಂಡು, 1807ರ ಗ್ರಂಥದಲ್ಲಿ ಲ್ಯಾಟರೈಟ್ ಎಂದು ಕರೆದದ್ದು ಇಂಥ ಚರಟವನ್ನೇ. ರಸಸಾರ 5.5ಕ್ಕಿಂತ ಇಳಿದರೆ ಅಲ್ಯುಮಿನಿಯಂ ನೀರಿನಲ್ಲಿ ಕರಗಿ ಬೇರಿನ ತುದಿಯನ್ನು ಮೊಟಕು ಮಾಡುತ್ತದೆ, ಹಾಕಿದ ರಂಜಕವನ್ನೂ ಗಟ್ಟಿಯಾಗಿ ಹಿಡಿದಿಡುತ್ತದೆ. ವಯನಾಡಿನ ಸುಣ್ಣಕ್ಕೆ ಕಾರಣ ಇದು.

ನಮ್ಮಲ್ಲಿ ಸೋಸಲು ಅಷ್ಟು ನೀರಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರಾನ್ಸಿನ ವಿಜ್ಞಾನಿಗಳೂ ಸೇರಿ ಮೂಲೆಹೊಳೆಯ ನಾಲ್ಕು ಚದರ ಕಿ.ಮೀ. ಕಾಡನ್ನು 2003ರಿಂದ ಅಳೆಯುತ್ತಿದ್ದಾರೆ. ದಿಣ್ಣೆಯಲ್ಲಿ ಕೆಂಪು ಮಣ್ಣು. ಅಲ್ಲಿಂದ ಇಳಿದ ಸಾರ ತಗ್ಗಿನ ಎರೆಮಣ್ಣಿನಲ್ಲಿ ನಿಂತು ಸ್ಮೆಕ್ಟೈಟ್ ಜೇಡಿಯಾಗಿದೆ, ಸುಣ್ಣದ ಗಂಟುಗಳಾಗಿದೆ. ಒಂದೇ ಇಳಿಜಾರಿನಲ್ಲಿ ಇಷ್ಟು ವ್ಯತ್ಯಾಸ ಕಾಣುವುದು ನನಗೆ ಇಂದಿಗೂ ಬೆರಗು. ಎರೆಹೊಲದಲ್ಲಿ ಉಳುವಾಗ ನೇಗಿಲಿಗೆ ಸಿಗುವ ಬಿಳಿ ಗಂಟು ಅದೇ ಸುಣ್ಣ. ಅಂಥಲ್ಲಿ ಚೀಲಗಟ್ಟಲೆ ಕೊಂಡು ಹಾಕುವುದು ದುಡ್ಡು ದಂಡ.

ಹಾಗೆಂದು ದಿಣ್ಣೆಯ ಕೆಂಪು ಹೊಲದವರು ನಿಶ್ಚಿಂತೆಯಿಂದ ಇರುವಂತಿಲ್ಲ. ಯೂರಿಯಾದಿಂದ ಬರುವ ಅಮೋನಿಯಂ, ನೈಟ್ರೇಟಾಗಿ ಮಾರ್ಪಡುವಾಗ ಆಮ್ಲ ಬಿಡುಗಡೆಯಾಗುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ 1986ರಿಂದ ರಾಗಿ, ಮುಸುಕಿನ ಜೋಳದ ಮೇಲೆ ನಡೆದಿರುವ ದೀರ್ಘಾವಧಿ ಪ್ರಯೋಗದಲ್ಲಿ ಬರೀ ರಾಸಾಯನಿಕ ಗೊಬ್ಬರ ಕಂಡ ಕೆಂಪು ಮಣ್ಣು ಹುಳಿಯಾಗಿದೆ; ಕೊಟ್ಟಿಗೆ ಗೊಬ್ಬರ ಅಥವಾ ಸುಣ್ಣ ಸೇರಿಸಿದ ತಾಕುಗಳು ತಡೆದುಕೊಂಡಿವೆ. ಆದ್ದರಿಂದ ಅರಿಶಿನದ ಹೊಲಕ್ಕೆ ಸುಣ್ಣ ತರುವ ಮುಂಚೆ ದಿಣ್ಣೆಯ ಮಣ್ಣನ್ನೂ ತಗ್ಗಿನ ಮಣ್ಣನ್ನೂ ಬೆರೆಸದೆ ಬೇರೆ ಬೇರೆಯಾಗಿ ಪರೀಕ್ಷೆಗೆ ಕೊಡಿ. ರಸಸಾರ 5.5ಕ್ಕಿಂತ ಕಡಿಮೆಯಿದ್ದ ತುಂಡಿಗೆ ಸುಣ್ಣ ಬೇಕು. 7.5 ದಾಟಿದ ಎರೆಗೆ ಹಾಕಿದರೆ ಕಬ್ಬಿಣ, ಸತು ಬೇರಿಗೆ ಸಿಗದಂತಾಗಿ ಎಲೆ ಹಳದಿಯಾಗುತ್ತದೆ.