ಬದಲಿ ಆಟಗಾರನ ಗುರಿ, ನಮ್ಮ ತಕ್ಕಡಿ

ಥ್ಯಾಂಕ್ಸ್‌ಗಿವಿಂಗ್ ಗುರುವಾರ ಬಂತೆಂದರೆ ಕ್ಯಾಂಟನ್ನಿನ ನಮ್ಮ ಮನೆಯಲ್ಲಿ ಎರಡು ಪಕ್ಷ. ನಾವು ಡೆಟ್ರಾಯಿಟ್ ಲಯನ್ಸ್ ಕಡೆ. ಷಿಕಾಗೋದಿಂದ ಬರುವ ಭಾವನವರು ಬೇರ್ಸ್ ಕಡೆ. ಬಿಸಿಬೇಳೆಭಾತಿನ ತಟ್ಟೆ ತೊಡೆಯ ಮೇಲೆ, ಕಣ್ಣು ಟೀವಿಯ ಮೇಲೆ. ಲಯನ್ಸ್ ಈ ಹಬ್ಬದ ದಿನ ಮೊದಲ ಬಾರಿಗೆ ಆಡಿದ್ದು 1934ರಲ್ಲಿ, ಅದೂ ಬೇರ್ಸ್ ವಿರುದ್ಧವೇ. ಹೀಗಾಗಿ ನಮ್ಮ ಮನೆಯ ಜಗಳಕ್ಕೆ ಇತಿಹಾಸದ ಬೆಂಬಲವೂ ಉಂಟು.

ಈ ಜಗಳದಲ್ಲಿ ಇನ್ನೂ ತೀರದ ವ್ಯಾಜ್ಯವೊಂದಿದೆ. ಮೊದಲು ನಮ್ಮ ಹಿರಿಯರಿಗೆ ಒಂದು ಮಾತು. ಕ್ವಾರ್ಟರ್‌ಬ್ಯಾಕ್ ಎಂದರೆ ಚೆಂಡನ್ನು ಎಸೆದು ಆಟ ನಡೆಸುವ ಸೂತ್ರಧಾರ. ಅವನಿಗೊಬ್ಬ ಬದಲಿ ಇರುತ್ತಾನೆ. ವಾರವೆಲ್ಲ ಅಭ್ಯಾಸ ಮಾಡಿ, ಆಟದ ದಿನ ಅಂಚಿನಲ್ಲಿ ನಿಲ್ಲುವುದು ಅವನ ಕೆಲಸ.

2018ರ ಹಬ್ಬದ ದಿನ ಬೇರ್ಸ್ ತಂಡದ ಟ್ರುಬಿಸ್ಕಿಗೆ ಭುಜದ ಪೆಟ್ಟಾಗಿ, ಬದಲಿಗೆ ಚೇಸ್ ಡೇನಿಯಲ್ ಇಳಿದ. 37 ಎಸೆತಗಳಲ್ಲಿ 27 ಕೈಸೇರಿದವು, 230 ಗಜ. ಬೇರ್ಸ್ 23-16ರಿಂದ ಗೆದ್ದಿತು. ಮರುವರ್ಷ ಸರದಿ ನಮ್ಮದು. ಸ್ಟ್ಯಾಫರ್ಡ್‌ಗೆ ಬೆನ್ನುನೋವು, ಬದಲಿ ಡ್ರಿಸ್ಕೆಲ್‌ಗೂ ಪೆಟ್ಟು. ಬದಲಿಯ ಬದಲಿಯಾಗಿ ಬಂದವನು ಡೇವಿಡ್ ಬ್ಲೌ ಎಂಬ ಹೊಸ ಹುಡುಗ. ಅವನ ಮೊದಲ ಕೈಸೇರಿದ ಎಸೆತವೇ 75 ಗಜದ ಟಚ್‌ಡೌನ್! ಕೊನೆಗೆ 38ರಲ್ಲಿ 22, 280 ಗಜ; ಆದರೆ ನಾವು 20-24ರಿಂದ ಸೋತೆವು.

“ಲೆಕ್ಕ ಸ್ಪಷ್ಟ ಕಣಯ್ಯಾ,” ಎಂದರು ಭಾವನವರು. “ನಮ್ಮವನದು ನೂರಕ್ಕೆ 73, ನಿಮ್ಮವನದು 58. ನಿಮ್ಮ ಹುಡುಗನಿಗೆ ಗುರಿಯೇ ಇಲ್ಲ.”

ನಮ್ಮ ವೃತ್ತಿ ರಸಾಯನಶಾಸ್ತ್ರ. ಒಂದೇ ಒಂದು ಟೈಟ್ರೇಶನ್ ಮಾಡಿ ಉತ್ತರ ಹೇಳಲು ಬಂದವರನ್ನು ಮತ್ತೆ ಬ್ಯೂರೆಟ್ಟಿನ ಮುಂದೆ ನಿಲ್ಲಿಸುವುದು ನಮ್ಮ ಅಭ್ಯಾಸ. ಆದ್ದರಿಂದ ಕಾಗದ ತೆಗೆದು ಲೆಕ್ಕ ಹಾಕಿದೆವು. ಬರೇ 37 ಎಸೆತಗಳಿಂದ ಬಂದ 73ರ ಹಿಂದೆ ಮುಂದೆ ಸುಮಾರು 15ರಷ್ಟು ಅನಿಶ್ಚಯವಿರುತ್ತದೆ. ಅಂದರೆ ಡೇನಿಯಲ್‌ನ ನಿಜವಾದ ಮಟ್ಟ 58ರಿಂದ 88ರೊಳಗೆ ಎಲ್ಲಾದರೂ ಇರಬಹುದು. ಬ್ಲೌನದು 42ರಿಂದ 74ರೊಳಗೆ. ಎರಡು ಪಟ್ಟಿಗಳೂ ಒಂದರ ಮೇಲೊಂದು ಬೀಳುತ್ತವೆ. ಒಂದು ದಿನದ ಆಟದಿಂದ ಇವನು ಮೇಲು, ಅವನು ಕೀಳು ಎನ್ನಲಾಗದು.

ಎಣಿಕೆಯ ಕ್ರಮದಲ್ಲೂ ತೊಡಕಿದೆ. ಎದುರಾಳಿ ಮೈಮೇಲೆ ಬಂದಾಗ ಬೇಕೆಂದೇ ಗೆರೆಯಾಚೆ ಎಸೆದದ್ದು, ಗಡಿಯಾರ ನಿಲ್ಲಿಸಲು ನೆಲಕ್ಕೆ ಕುಟ್ಟಿದ್ದು, ಎದೆಗೇ ಬಂದ ಚೆಂಡನ್ನು ಜೊತೆಗಾರ ಕೈಬಿಟ್ಟದ್ದು, ಎಲ್ಲವೂ ಎಸೆದವನ ಲೆಕ್ಕಕ್ಕೇ ಖರ್ಚು. ಎರಡು ಗಜದಾಚೆ ಮೆಲ್ಲಗೆ ಕೊಟ್ಟದ್ದು ಮಾತ್ರ ಪೂರ್ತಿ ಜಮಾ. ಎಸೆತವೊಂದಕ್ಕೆ ಗಜವೆಷ್ಟು ಎಂದು ನೋಡಿದರೆ ಡೇನಿಯಲ್ 6.2, ಬ್ಲೌ 7.4, ನಮ್ಮ ಹುಡುಗನೇ ಮುಂದೆ! ನಾವು ಹಿಗ್ಗುವಷ್ಟರಲ್ಲಿ ಭಾವನವರು ಆ 75 ಗಜದ ಎಸೆತವೊಂದನ್ನು ಹೊಡೆದುಹಾಕಿದರು. ಉಳಿದದ್ದು 5.5. ಒಂದೇ ಚೆಂಡು ತಕ್ಕಡಿಯನ್ನು ಅತ್ತಿಂದಿತ್ತ ಉರುಳಿಸಿತು.

1973ರಿಂದ ಲೀಗಿನವರು ಬಳಸುವ ಪಾಸರ್ ರೇಟಿಂಗ್ ಕೂಡ ಕೈಸೇರಿದ್ದು, ಗಜ, ಟಚ್‌ಡೌನ್, ಎದುರಾಳಿಗೆ ಸಿಕ್ಕಿದ್ದು ಇವುಗಳ ಮಿಶ್ರಣವೇ ಹೊರತು ಗುರಿಯ ಅಳತೆಯಲ್ಲ. ಈಗ ಆಟಗಾರರ ಭುಜಕವಚದಲ್ಲೂ ಚೆಂಡಿನೊಳಗೂ ಪುಟ್ಟ ಚಿಪ್ ಇಟ್ಟು, ಎಸೆತ ಎಷ್ಟು ಕಷ್ಟದ್ದೆಂದು ಅಳೆಯುತ್ತಾರೆ. ಅಷ್ಟು ಕಷ್ಟದ ಎಸೆತಗಳಲ್ಲಿ ಎಷ್ಟು ಕೈಸೇರಬೇಕಿತ್ತು, ಎಷ್ಟು ಸೇರಿದವು ಎಂದು ಹೋಲಿಸುತ್ತಾರೆ. ಇದು ಉತ್ತಮ ತಕ್ಕಡಿ, ನಿಜ. ಆದರೆ ತೂಗಲು ಹಿಡಿಕಾಳೇ ಇದ್ದರೆ ತಕ್ಕಡಿ ಏನು ಮಾಡೀತು?

ನಮ್ಮ ಕರ್ನಾಟಕ ತಂಡದ ಕರುಣ್ ನಾಯರ್ ನೆನಪಾಗುತ್ತಾರೆ. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ, ತಮ್ಮ ಮೂರನೆಯ ಟೆಸ್ಟಿನಲ್ಲೇ ಔಟಾಗದೆ 303 ರನ್. ಗಾಯಗೊಂಡಿದ್ದ ರಹಾನೆ ಮರಳಿದೊಡನೆ ಮುಂದಿನ ಟೆಸ್ಟಿನಲ್ಲಿ ಅವರಿಗೆ ಜಾಗವಿರಲಿಲ್ಲ. 2017ರಲ್ಲಿ ಇನ್ನು ಮೂರು ಟೆಸ್ಟ್. ಆಮೇಲೆ ಮತ್ತೆ ಟೆಸ್ಟ್ ಆಡಿದ್ದು 2025ರಲ್ಲಿ. ಬದಲಿಯವನ ಹಣೆಬರಹ ಎಲ್ಲ ಆಟದಲ್ಲೂ ಒಂದೇ. ಅವನಿಗೆ ಸಿಗುವುದು ಕೆಲವೇ ಅವಕಾಶ, ತೀರ್ಪು ಮಾತ್ರ ಬಹುಕಾಲದ್ದು. ಅರ್ಧ ಗಂಟೆಯ ಸಂದರ್ಶನದಲ್ಲಿ ತೂಗಿಸಿಕೊಂಡು ಈ ದೇಶದಲ್ಲಿ ನೆಲೆಯಾದ ನಮಗೆ ಇದು ಹೊಸ ವಿಷಯವೇನಲ್ಲ.

ಆದ್ದರಿಂದ ನಮ್ಮ ಮನೆಯಲ್ಲೊಂದು ಕಟ್ಟಳೆ ಮಾಡಿದ್ದೇವೆ. ಬದಲಿಯವನು ಇಳಿದ ದಿನ ಮಕ್ಕಳ ಕೈಗೆ ನೋಟುಬುಕ್ಕು. ಚೆಂಡು ಕೈಸೇರಿತೇ ಎಂದಲ್ಲ, ಎಲ್ಲಿಗೆ ಬಂತು ಎಂದು ಬರೆಯಬೇಕು: ಎದೆಗೋ, ಮೊಣಕಾಲಿಗೋ, ಓಡುವವನ ಬೆನ್ನ ಹಿಂದಕ್ಕೋ. ನೂರಾರು ಎಸೆತ ಕೂಡುವ ತನಕ ತೀರ್ಪಿಲ್ಲ. ಭಾವನವರೂ ಒಪ್ಪಿ ಪೆನ್ಸಿಲ್ ಹಿಡಿದಿದ್ದಾರೆ. ಬೇರ್ಸ್ ಗೆಲ್ಲುತ್ತಿರುವಾಗ ಮಾತ್ರ ಅದು ಅವರ ಕೈಯಿಂದ ಜಾರಿಬೀಳುತ್ತದೆ!