ವಾಲ್ವ್ ತಿರುಗಿಸುವವರ ಸರ್ಕಾರ

ಜಲ ಜೀವನ್ ಮಿಷನ್ ಹೇಳುವುದು ಇಷ್ಟು: ಹಳ್ಳಿಯ ಪ್ರತಿ ಮನೆಗೂ ನಲ್ಲಿ, ತಲಾ ದಿನಕ್ಕೆ 55 ಲೀಟರ್ ನೀರು. ಅದನ್ನು ಎಷ್ಟು ಹೊತ್ತಿಗೆ ಬಿಡಬೇಕು, ಯಾವ ಬೀದಿಗೆ ಮೊದಲು, ಕರೆಂಟು ಕೈಕೊಟ್ಟ ದಿನ ಯಾರಿಗೆ ಖೋತಾ? ಇದನ್ನು ದೆಹಲಿಯೂ ಬರೆದಿಲ್ಲ, ಬೆಂಗಳೂರೂ ಬರೆದಿಲ್ಲ. ತೀರ್ಮಾನಿಸುವವನು ಊರಿನ ನೀರುಗಂಟಿ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಪಂಚಾಯಿತಿ ಕಾರ್ಯದರ್ಶಿಯಾಗಿ, ಆಮೇಲೆ ಪಿಡಿಒ ಆಗಿ ದುಡಿದು ನಿವೃತ್ತಳಾದವಳು ನಾನು. ಆದೇಶಗಳ ಕಡತ ನನ್ನ ಬೀರುವಿನಲ್ಲಿತ್ತು, ನಿಜ. ಆದರೆ ಊರು ನಡೆಯುತ್ತಿದ್ದದ್ದು ಅವನ ಕೈಯ ಸ್ಪ್ಯಾನರ್‌ನಿಂದ.

2022ರ ಅಕ್ಟೋಬರ್‌ನಿಂದ 2023ರ ಜನವರಿಯೊಳಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಅವರಲ್ಲಿ ಕಾಲೇಜಿಗೆ ಹೋಗುವವರಿದ್ದರು, 11 ವರ್ಷದ ಹುಡುಗನೊಬ್ಬನಿದ್ದ. ಅರಣ್ಯ ಇಲಾಖೆ ಬೋನು ಇಟ್ಟಿತು. ಕತ್ತಲಲ್ಲಿ ಹೊರಗೆ ಬರಬೇಡಿ ಎಂದು ಮೈಕಿನಲ್ಲಿ ಸಾರಿಸಿದೆವು. ಮಾರನೆಯ ದಿನವೇ ನೀರುಗಂಟಿ ಬಂದು ನಿಂತ.

"ಮೇಡಂ, ನಾ ಐದ್ ಗಂಟ್ಗೆ ನೀರ್ ಬುಟ್ರ ಹೆಂಗಸ್ರು ಕತ್ಲಲ್ಲೇ ಬಿಂದ್ಗ ಇಟ್ಕಂಡು ನಿಂತ್ಕತರ. ಪಕ್ಕದಲ್ಲೇ ಕಬ್ಬಿನ ಗದ್ದ ಅದ. ನೀವ್ ಮೈಕಲ್ಲಿ ಕೂಗ್ಸುದ್ರ ಏನ್ ಬಂತು?"

ಅವನು ಯಾರ ಅಪ್ಪಣೆಗೂ ಕಾಯದೆ ಸಮಯ ಬದಲಿಸಿಬಿಟ್ಟಿದ್ದ. ರಾತ್ರಿ ತ್ರೀ ಫೇಸ್ ಬಂದಾಗ ಓವರ್‌ಹೆಡ್ ಟ್ಯಾಂಕ್ ತುಂಬಿಸಿಟ್ಟುಕೊಂಡು, ಏಳು ಗಂಟೆ ಮೇಲೆ ವಾಲ್ವ್ ತೆಗೆಯುವುದು. ಒಳ್ಳೆಯದೇ ಆಯಿತು ಎಂದುಕೊಳ್ಳುವಷ್ಟರಲ್ಲಿ ಎರಡು ಬೀದಿಯವರು ಪಂಚಾಯಿತಿ ಬಾಗಿಲಿಗೆ ಬಂದರು. ಅಲ್ಲಿನ ಹೆಣ್ಣುಮಕ್ಕಳು ಬೆಳಗ್ಗೆ ಆರಕ್ಕೆಲ್ಲ ಫ್ಯಾಕ್ಟರಿ ವ್ಯಾನು ಹತ್ತುವವರು. ಏಳಕ್ಕೆ ಬರುವ ನೀರು ಅವರ ಪಾಲಿಗೆ ಬಾರದ ನೀರೇ. ಸಭೆಯಲ್ಲಿ ದೊಡ್ಡ ಗಲಾಟೆ ನಡೆದು, ಆ ಎರಡು ಬೀದಿಗೆ ಸಂಜೆ ಬೆಳಕಿರುವಾಗಲೇ ನೀರು ಬಿಡುವುದೆಂದು ನಡವಳಿ ಪುಸ್ತಕದಲ್ಲಿ ಬರೆದೆವು. ಬರೆದ ಮೇಲೆ ಅದು ನೀರುಗಂಟಿಯ ಮರ್ಜಿಯಾಗಿ ಉಳಿಯಲಿಲ್ಲ, ಪಂಚಾಯಿತಿಯ ತೀರ್ಮಾನವಾಯಿತು. ಈ ಎರಡರ ನಡುವಿನ ಅಂತರ ಬಹಳ ದೊಡ್ಡದು.

ಅಮೆರಿಕದ ರಾಜ್ಯಶಾಸ್ತ್ರಜ್ಞ ಮೈಕೆಲ್ ಲಿಪ್‌ಸ್ಕಿ 1980ರಲ್ಲಿ ಇಂಥ ಕೆಳಹಂತದ ನೌಕರರ ಬಗ್ಗೆಯೇ ಒಂದು ಪುಸ್ತಕ ಬರೆದರು. ಮೇಷ್ಟರು, ಪೊಲೀಸರು, ಕಚೇರಿಯ ಕಿಟಕಿಯಾಚೆ ಕೂತ ಗುಮಾಸ್ತರು ದಿನವೂ ಕೈಗೊಳ್ಳುವ ಸಣ್ಣ ತೀರ್ಮಾನಗಳೇ ಕೊನೆಗೆ ಜನರ ಪಾಲಿನ ಸರ್ಕಾರಿ ನೀತಿ ಎಂಬುದು ಅವರ ವಾದ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುವ ನಮ್ಮ ಜನಕ್ಕೆ ಇದೇನೂ ಹೊಸದಲ್ಲ. ಆದರೆ ಗಾದೆ ಪೂಜಾರಿಯ ಜಿಪುಣತನವನ್ನಷ್ಟೇ ಹೇಳುತ್ತದೆ. ದೇವರಿಗೆ ಕಾಣದ್ದು ಪೂಜಾರಿಗೆ ಕಾಣುವುದೂ ಉಂಟು.

2019ರ ಆಗಸ್ಟ್‌ನಲ್ಲಿ ಕಪಿಲಾ ನದಿ ಉಕ್ಕಿ, ಮಲ್ಲನಮೂಲೆ ಮಠದ ಬಳಿ ಮೈಸೂರು–ನಂಜನಗೂಡು ರಸ್ತೆಯೇ ಬಂದ್ ಆಯಿತು. ನೀರು ಇಳಿದ ಮೇಲೆ ಮನೆಗಳ ಸರ್ವೆ. ಪೂರ್ತಿ ಹಾಳಾದ ಮನೆಗೆ 5 ಲಕ್ಷ, ಸಣ್ಣಪುಟ್ಟ ಹಾನಿಗೆ 50 ಸಾವಿರ. ಯಾವ ಮನೆ ಯಾವ ವರ್ಗಕ್ಕೆ? ಒದ್ದೆ ಗೋಡೆಯ ಮುಂದೆ ನಿಂತ ಗ್ರಾಮ ಲೆಕ್ಕಿಗರು, ಇಂಜಿನಿಯರು, ನಮ್ಮಂಥವರು ಕಣ್ಣಳತೆಯಲ್ಲಿ ಹೇಳಬೇಕು. ಎಷ್ಟೋ ಸಲ ಮಣ್ಣಿನ ಗೋಡೆ ನೆನೆದಿರುವಾಗ ನಿಂತೇ ಇರುತ್ತದೆ. ಬಿಸಿಲು ಬಿದ್ದು ಒಣಗುವಾಗ ಬಿರಿದು ಕುಸಿಯುತ್ತದೆ. ಇದು ಗೊತ್ತಿದ್ದ ಲೆಕ್ಕಿಗರೊಬ್ಬರು ಬಿಸಿಲು ಕಾದ ಮೇಲೆ ಇನ್ನೊಂದು ಸುತ್ತು ಬಂದು ಪಟ್ಟಿ ತಿದ್ದಿದರು. ಮತ್ತೊಂದು ಊರಿನಲ್ಲಿ ಮೊದಲ ದಿನದ ಪಟ್ಟಿಯೇ ಕಾಯಂ ಆಯಿತು. ಆದೇಶ ಒಂದೇ, ಊರೂರಿಗೆ ಬೇರೆ ಬೇರೆ ನ್ಯಾಯ.

ಇಂಥ ತೀರ್ಮಾನಗಳು ಊರಿನಲ್ಲೇ ಆಗಲಿ ಎಂದು ಪಕ್ಕದ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಸಚಿವರಾಗಿದ್ದಾಗ ಅಧಿಕಾರವನ್ನು ಹಳ್ಳಿಗೆ ಇಳಿಸಲು ಹೊರಟರು. 1987ರಲ್ಲಿ ಮಂಡಲ ಪಂಚಾಯಿತಿಗಳು ಬಂದವು, 1993ರಲ್ಲಿ ಈಗಿನ ಪಂಚಾಯತ್ ರಾಜ್ ಕಾಯ್ದೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕು. ಸದಸ್ಯರಿಗೆ ವೇದಿಕೆಯಲ್ಲಿ ಕುರ್ಚಿ ಸಿಕ್ಕಿತು. ನೀರುಗಂಟಿ, ಬಿಲ್ ಕಲೆಕ್ಟರ್, ಆಶಾ, ಅಂಗನವಾಡಿಯವರು ಮಾತ್ರ ಇವತ್ತಿಗೂ ಶಾಮಿಯಾನದ ಕಂಬಕ್ಕೆ ಒರಗಿ ನಿಂತಿರುತ್ತಾರೆ, ಕರೆದು ಕೇಳಿದರಷ್ಟೇ ಬಾಯಿ ಬಿಡುತ್ತಾರೆ. ಕರೆಯುವವರು ಕಡಿಮೆ. ಊರಿನ ಬಗ್ಗೆ ಅತಿ ಹೆಚ್ಚು ತಿಳಿದವರನ್ನು ಬಾಟಲಿ ನೀರು ಹಂಚಲು ನಿಲ್ಲಿಸುವುದು ನನಗಂತೂ ದಡ್ಡತನವಾಗಿಯೇ ಕಾಣುತ್ತದೆ.

ಅವರನ್ನು ಕರೆದು ಕೇಳಿದ ಒಂದು ಸಲದ ಕಥೆ ಇದು. ನಂಜನಗೂಡು ಕಡೆಯ ಒಂದು ಊರಿನಲ್ಲಿ ಮಳೆಗಾಲ ಬಂತೆಂದರೆ ವಾಂತಿ ಭೇದಿ. ಪ್ರತಿ ಸಲ ಬ್ಲೀಚಿಂಗ್ ಪುಡಿ ಚೆಲ್ಲಿ ಫೋಟೊ ತೆಗೆಸುವುದು ನಡೆದೇ ಇತ್ತು. ಸುಮಾರು ಸಾವಿರ ಜನಕ್ಕೆ ಒಬ್ಬರು ಆಶಾ. ಅಲ್ಲಿನ ಆಶಾ ಕಾರ್ಯಕರ್ತೆ ತಮ್ಮ ಡೈರಿಯಲ್ಲಿ ಕಾಯಿಲೆ ಬಿದ್ದ ಮನೆಗಳನ್ನು ಗುರುತು ಹಾಕಿಟ್ಟಿದ್ದರು. ನೀರುಗಂಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಟ್ಟಿ ಓದಿಸಿದರೆ, ಹೆಚ್ಚುಕಮ್ಮಿ ಎಲ್ಲವೂ ಒಂದೇ ವಾಲ್ವಿನ ಕೆಳಗಿನ ಮನೆಗಳು! ಅಲ್ಲಿ ಪೈಪು ಚರಂಡಿಯೊಳಗೇ ಹಾದುಹೋಗಿತ್ತು.

15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ಭಾಗ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಹೊಸ ಬೋರ್‌ವೆಲ್ ಕೇಳಿದ್ದ ಸದಸ್ಯರು ಮುಖ ಊದಿಸಿಕೊಂಡರೂ ಪೈಪು ಬದಲಿಸುವ ಕೆಲಸ ಕ್ರಿಯಾಯೋಜನೆಯಲ್ಲಿ ಮೊದಲಿಗೆ ಬಂತು. 'ಆಶಾ ಕಾರ್ಯಕರ್ತೆಯ ಪಟ್ಟಿ ಆಧರಿಸಿ' ಎಂದು ನಡವಳಿ ಬರೆಯುತ್ತಿದ್ದೆ. ಅದೇ ಸದಸ್ಯರು ಎದ್ದುನಿಂತರು: "ಅವರದ್ಯಾಕೆ? ಸದಸ್ಯರ ಕೋರಿಕೆ ಮೇರೆಗೆ ಅಂತ ಬರೀರಿ." ಎರಡನ್ನೂ ಬರೆದೆ, ಆಶಾ ಕಾರ್ಯಕರ್ತೆಯದ್ದು ಮೊದಲು.